ಗಡೀಪಾರಾದ ದಿಬ್ಬಣ

ನಾನು ಪರದೇಶಕ್ಕೆ ಹೋದದ್ದು ಜೀವಮಾನದಲ್ಲಿ ಒಂದೇ ಸಲ. ಆ ಪರದೇಶದ ಹೆಸರು ಸೊಲ್ಲಾಪುರ.

ಹೀಗೆಂದರೆ ಮೊಮ್ಮಕ್ಕಳು ನಗುತ್ತಾರೆ. ಈಗ ಜಹೀರಾಬಾದಿನ ಹೆದ್ದಾರಿಯಲ್ಲಿ ನಿಂತು ಕೈ ಮಾಡಿದರೆ ಬಸ್ಸು ನಿಲ್ಲುತ್ತದೆ. ಬೆಳಗಿನ ಚಹಾ ಇಲ್ಲಿ ಕುಡಿದು ಮಧ್ಯಾಹ್ನದ ಊಟಕ್ಕೆ ಅಲ್ಲಿರಬಹುದು. ಆದರೆ ನಿಜಾಮರ ಕಾಲದಲ್ಲಿ ನಮ್ಮ ಮುಲ್ಕು ಬೇರೆ, ಅವರ ಮುಲ್ಕು ಬೇರೆ. ನಡುವೆ ಸರಹದ್ದು, ಸುಂಕದ ನಾಕೆ. ನಮ್ಮ ನಾಣ್ಯ ಅಲ್ಲಿ ನಡೆಯುತ್ತಿರಲಿಲ್ಲ, ನಮ್ಮ ತಿಂಗಳ ಹೆಸರು ಅವರಿಗೆ ತಿಳಿಯುತ್ತಿರಲಿಲ್ಲ. ಇಷ್ಟಾದ ಮೇಲೆ ಪರದೇಶವಲ್ಲದೆ ಇನ್ನೇನು? ಅಲ್ಲಿಗೆ ನಾನು ಊರು ನೋಡಲು ಹೋದವಳಲ್ಲ. ನನ್ನ ಗಂಡನನ್ನು ಸರ್ಕಾರ ಮುಲ್ಕಿನಿಂದ ಹೊರಗೆ ಹಾಕಿತು. ನಾನು ಜೊತೆಗೆ ಹೋದೆ. ಹೊರಡುವಾಗ ಅವರಿನ್ನೂ ನನ್ನ ಗಂಡನಾಗಿರಲಿಲ್ಲ ಎಂಬುದಷ್ಟೇ ಇದರಲ್ಲಿರುವ ತೊಡಕು.

ನಾರಾಯಣಖೇಡ

ನಮ್ಮ ತವರುಮನೆ ನಾರಾಯಣಖೇಡದಲ್ಲಿ. ಅಪ್ಪನದು ಬೇಳೆಕಾಳಿನ ವ್ಯಾಪಾರ. ನಾನು ಚಿಕ್ಕವಳಿದ್ದಾಗಲೇ ಅವ್ವ ತೀರಿಹೋಗಿದ್ದರಿಂದ ನನ್ನನ್ನು ಸಾಕಿದವಳು ಅಪ್ಪನ ಅಕ್ಕ ಗುರಮ್ಮತ್ತೆ. ವರ ತಾಂಡೂರಿನವರು, ಹೆಸರು ಬಸವಂತಪ್ಪ. ಜಹೀರಾಬಾದಿನ ಬಜಾರಿನಲ್ಲಿ ಸಣ್ಣ ಅರಿವೆ ಅಂಗಡಿ ಇಟ್ಟಿದ್ದರು. ನಾನು ಅವರನ್ನು ನೋಡಿರಲಿಲ್ಲ. ಅತ್ತೆ ನೋಡಿ ಬಂದಿದ್ದಳು.

"ಹ್ಯಾಂಗ ಅದಾರ ಅತ್ತಿ?" ಎಂದು ಕೇಳಿದ್ದೆ.

"ಕಿವಿ ಜರಾ ದೊಡ್ಡವು ಅವ. ಛಲೋನೇ ಆತು, ಹೇಳಿದ್ದು ಕೇಳ್ತಾನ."

ಮದುವೆ ವರನ ಮನೆಯಲ್ಲಿ, ತಾಂಡೂರಿನಲ್ಲಿ. ಜಹೀರಾಬಾದಿನವರೆಗೆ ಬಂಡಿ, ಅಲ್ಲಿಂದ ರೈಲು. ವೈಶಾಖದ ಬಿಸಿಲು. ದಾರಿಯುದ್ದಕ್ಕೂ ಎಡಬಲ ಕೊಯ್ದ ಜೋಳದ ಹೊಲಗಳು, ನಡುವೆ ಕೆಂಪು ಮಣ್ಣಿನ ದಿನ್ನೆ. ನಮ್ಮ ಬಂಡಿಯ ಹಿಂದೆಯೇ ಬರುತ್ತಿದ್ದ ಎರಡನೆಯ ಬಂಡಿಯ ಎತ್ತು ಮೆಲ್ಲಗೆ ಮೂತಿ ಚಾಚಿ, ಮದುವೆಗೆಂದು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ವೀಳ್ಯದೆಲೆಯನ್ನೆಲ್ಲ ತಿಂದುಬಿಟ್ಟಿತು. ನಾವು ನೋಡಿದಾಗ ಅದು ಬಟ್ಟೆಯನ್ನು ಅಗಿಯುತ್ತಿತ್ತು. ಅಪ್ಪ ಅಪಶಕುನವೆಂದು ಮುಖ ಸಪ್ಪಗೆ ಮಾಡಿದ.

"ಏನ್ ಅಪಶಕುನೋ? ಬಸವಣ್ಣ ಮೊದ್ಲ ತಾಂಬೂಲ ತಗೊಂಡಾನ. ಇನ್ನ ಮದ್ವಿ ನಿಲ್ಲಂಗಿಲ್ಲ" ಎಂದಳು ಅತ್ತೆ.

ಜಹೀರಾಬಾದ್

ರೈಲು ನಿಲ್ದಾಣದಲ್ಲಿ ನಮ್ಮವರು ಪೆಟ್ಟಿಗೆ, ಬುಟ್ಟಿಗಳನ್ನು ಇಳಿಸುತ್ತಿದ್ದರು. ನಾನು ಸೆರಗು ಹೊದ್ದು ಬೇವಿನ ಮರದ ಕೆಳಗೆ ಕೂತಿದ್ದೆ. ಸ್ವಲ್ಪ ದೂರದಲ್ಲಿ ಒಬ್ಬ ಪೊಲೀಸ್ ಜಮಾದಾರ ಒಬ್ಬ ಕೈದಿಯನ್ನು ಹೆಗಲು ಕೊಟ್ಟು ನಡೆಸಿಕೊಂಡು ಬರುತ್ತಿದ್ದ. ಕೈದಿಯ ಕೈಗೆ ಬೇಡಿ. ಅಂಗಾಲು ಊರದೆ ಪಾದದ ಅಂಚಿನ ಮೇಲೆ ನಡೆಯುತ್ತಿದ್ದ. ಅತ್ತೆ ಕಣ್ಣು ಕಿರಿದು ಮಾಡಿ ನೋಡಿದಳು.

"ಏ ನೀಲಾ, ಆ ಕಿವಿ ನಾ ನೋಡೀನಿ" ಎಂದಳು.

ಅವರೇ ನನ್ನ ವರ.

ಆದದ್ದಿಷ್ಟು. ರೈತರ ಜೋಳವನ್ನು ಸರ್ಕಾರ ಕಡ್ಡಾಯವಾಗಿ ಅಳೆದು ಒಯ್ಯುತ್ತಿದ್ದ ಕಾಲ ಅದು. ಬಜಾರಿನಲ್ಲಿ ಒಬ್ಬ ಕುರುಬರ ಮುದುಕನ ಮನೆಯ ಕೊನೆಯ ಚೀಲವನ್ನೂ ಎತ್ತುತ್ತಿದ್ದಾಗ ಇವರು ಅಂಗಡಿಯಿಂದಿಳಿದು ಹೋಗಿ ಅಡ್ಡ ನಿಂತರು. ನೋಡುತ್ತಿದ್ದವರೂ ಬಂದು ಜೊತೆಗೆ ನಿಂತರು. ಅಷ್ಟಕ್ಕೆ ಇವರು ಬಾಗಿ, ದಂಗೆಕೋರ. ಲಾಕಪ್ಪಿಗೆ ಹಾಕಿ ಅಂಗಾಲಿಗೆ ಹೊಡೆದರು. ಅಂಗಡಿಯ ಅರಿವೆಗಳನ್ನು ರಸ್ತೆಗೆ ಎಸೆದು ಬಾಗಿಲಿಗೆ ಸರ್ಕಾರದ ಬೀಗ ಜಡಿದರು. ಮದುವೆಯೊಳಗೆ ಬಿಡುಗಡೆಯಾದೀತೆಂದು ತಾಂಡೂರಿನವರು ನಮಗೆ ಹೇಳಿ ಕಳಿಸಿರಲಿಲ್ಲ. ಅವತ್ತು ಬೆಳಿಗ್ಗೆ ಹುಕುಂ ಬಂದಿತ್ತು: ಮುಲ್ಕಿನಿಂದ ಗಡೀಪಾರು. ಇದೇ ರೈಲಿನಲ್ಲಿ ಕೂಡಿಸಿ ಸರಹದ್ದಿನಾಚೆ ಬಿಟ್ಟುಬರಬೇಕು, ದಾರಿಯಲ್ಲಿ ರೈಲು ಬದಲಿಸುವುದಕ್ಕಲ್ಲದೆ ಬೇರೆಲ್ಲೂ ನೆಲ ಮುಟ್ಟಿಸಬಾರದು.

ಅಪ್ಪನ ಮುಖ ಬೂದಿಯಾಯಿತು. "ಬಂಡಿ ಹೊಳ್ಳಸ್ರಿ" ಎಂದ.

ಆಗ ಇವರು ಬೇಡಿ ಹಾಕಿದ ಕೈಗಳನ್ನೇ ಜೋಡಿಸಿ ಅಪ್ಪನಿಗೆ ನಮಸ್ಕಾರ ಮಾಡಿದರು. "ನಿಮ್ದು ಖರೇ ಅದರಿ, ಸಾಹುಕಾರ್ರ. ಹೊಳ್ಳಿ ಹೋಗ್ರಿ. ನಂಗೇ ನನ್ನ ದಿಕ್ಕು ಗೊತ್ತಿಲ್ಲ. ನಿಮ್ಮ ಮಗಳಿಗಿ ಬಾ ಅಂತ ಯಾವ ಬಾಯಿಲಿಂದ ಅನ್ಲಿ?"

ಅಂಥ ಹೊತ್ತಿನಲ್ಲೂ ಅವರ ದನಿಯಲ್ಲಿ ಗೋಳಿರಲಿಲ್ಲ. ನಮ್ಮ ಸಾಮಾನುಗಳತ್ತ ನೋಡಿ, ಇಷ್ಟು ದೂರ ಬಿಸಿಲಲ್ಲಿ ಬಂದಿದ್ದೀರಿ, ಮೊದಲು ನೀರು ಕುಡಿಯಿರಿ ಎಂದರು. ನನಗೆ ಆ ಕ್ಷಣ ಏನಾಯಿತೋ ತಿಳಿಯದು. ಗಂಡಸರ ಮುಂದೆ ಎಂದೂ ಬಾಯಿ ಬಿಡದವಳು ಎದ್ದು ನಿಂತೆ.

"ನಾ ಹೋಗ್ತೀನಪ್ಪಾ."

"ಎಲ್ಲಿಗಿ?"

"ಅವ್ರು ಎಲ್ಲಿಗಿ ಹೋಗ್ತಾರ ಅಲ್ಲಿಗಿ."

"ಆ ಊರ ಹೆಸರಾದ್ರೂ ಗೊತ್ತದೇನು ನಿನಗ?"

"ಇಲ್ಲ. ಗಾಡಿಗಿ ಗೊತ್ತಿರ್ತದಲ್ಲ."

ಜಮಾದಾರ ನಕ್ಕುಬಿಟ್ಟ. ಅಪ್ಪ ನಗಲಿಲ್ಲ. ಅತ್ತೆ ತಮ್ಮನ ಮುಂದೆ ಹೋಗಿ ನಿಂತಳು: "ಅಂವ ಏನ್ ಕಳ್ಳತನ ಮಾಡ್ಯಾನೇನೋ? ಮುದುಕನ ಜ್ವಾಳ ಉಳಸಾಕ ಹೋಗ್ಯಾನ. ಇಂಥಾಂವಗ ಕೊಡದ ಇನ್ನೆಂಥಾಂವಗ ಕೊಡ್ತಿ?"

ಅಪ್ಪ ಬಹಳ ಹೊತ್ತು ಎತ್ತಿನ ಬೆನ್ನು ಸವರುತ್ತ ನಿಂತ. ರೈಲಿನ ಶಿಳ್ಳೆ ಕೇಳಿಸಿದಾಗ ಆಳುಗಳಿಗೆ, "ಸಾಮಾನು ಏರಸ್ರಿ" ಎಂದಷ್ಟೇ ಹೇಳಿದ.

ವಿಕಾರಾಬಾದ್

ಇಲ್ಲಿ ರೈಲು ಬದಲಿಸಬೇಕು. ದಿಬ್ಬಣವೆಲ್ಲ ಒಂದು ಕಡೆ, ವರ ಮತ್ತು ಜಮಾದಾರ ಒಂದು ಕಡೆ ಕೂತರು. ಜಮಾದಾರನ ಹೆಸರು ಖಾದರ ಮಿಯಾ. ದಪ್ಪ ಮೀಸೆ, ಸಣ್ಣ ದನಿ. ಅತ್ತೆ ಅವನ ಮುಂದೆ ಶೇಂಗಾ ಹೋಳಿಗೆ ಇಟ್ಟು ವಿಚಾರಣೆಗೆ ಕೂತಳು.

"ಜಮಾದಾರ್ರ, ತಾಂಡೂರದಾಗ ಒಂದು ತಾಸು ಇಳಸ್ರಿ. ಅಕ್ಕಿಕಾಳು ಹಾಕಿ ಕಳಸ್ತೀವಿ."

"ತೋಬಾ, ತೋಬಾ! ಹುಕುಂ ಅದವ್ವಾ. ಗಾಡಿ ಕೆಳಗ ಇಳಸಾಕ ಬರಂಗಿಲ್ಲ. ನನ್ನ ನೌಕ್ರಿ ಹೋತದ."

ಅತ್ತೆ ಇನ್ನೊಂದು ಹೋಳಿಗೆ ಬಡಿಸಿದಳು. "ಇಳಸಬಾರ್ದು ಅಂತ ಹುಕುಂ ಅದ. ಖರೇ. ಗಾಡಿ ಒಳಗ ಮದ್ವಿ ಮಾಡಬಾರ್ದು ಅಂತ ಅದೇನು?"

ಖಾದರ ಮಿಯಾ ಅಗಿಯುವುದನ್ನು ನಿಲ್ಲಿಸಿದ. ಮೇಲೆ ನೋಡಿದ, ಕೆಳಗೆ ನೋಡಿದ. "ಹಂಗೇನ್ ಇಲ್ಲ ನೋಡ್ರಿ" ಎಂದ. ಆಮೇಲೆ ತಾನೇ ಎದ್ದು ನಿಲ್ದಾಣದ ಬಾಬುವಿನ ಹತ್ತಿರ ಹೋಗಿ, ತಾಂಡೂರಿಗೆ ತಂತಿ ತಾರು ಹೊಡೆಸಿದ. ಬೀಗರ ಮನೆಯವರು ತಾಳಿ, ಅಕ್ಷತೆಯ ಅಕ್ಕಿಕಾಳು ತೆಗೆದುಕೊಂಡು, ಮದುವೆ ಮಾಡಿಸುವ ಅಯ್ಯನವರನ್ನು ಕರೆದುಕೊಂಡು ಪ್ಲಾಟ್‌ಫಾರಮ್ಮಿಗೇ ಬರಬೇಕು.

ತಾಂಡೂರು

ಮದುವೆಯ ಊರನ್ನು ನಾನು ಕಂಡದ್ದು ಕಿಟಕಿಯ ಸರಳುಗಳ ನಡುವಿನಿಂದ. ಕರಿ ಫರ್ಶಿ ಕಲ್ಲಿನ ರಾಶಿಗಳು, ತೊಗರಿಯ ಚೀಲಗಳು, ಅವುಗಳ ಮೇಲೆ ಹತ್ತಿ ನಿಂತ ಜನ. ಹಲಗೆ ಬಡಿಯುವವರೂ ಬಂದಿದ್ದರು. ಎಂಜಿನ್ನು ನೀರು ಕುಡಿಯುವಷ್ಟು ಹೊತ್ತು ನಮಗಿದ್ದ ಸಮಯ.

ಖಾದರ ಮಿಯಾನಿಗೆ ಒಳಗೊಳಗೇ ಭಯ. ವರನ ಸ್ವಂತ ಊರು, ಇಷ್ಟೊಂದು ಜನ, ಎತ್ತಿಕೊಂಡು ಓಡಿಬಿಟ್ಟರೆ? ಅದಕ್ಕಾಗಿ ಇವರ ಒಂದು ಕೈಯ ಬೇಡಿ ಬಿಚ್ಚಿ ಅದನ್ನು ತನ್ನ ಮುಂಗೈಗೇ ಹಾಕಿಕೊಂಡ. ಹೀಗಾಗಿ ಇವರು ತಾಳಿ ಕಟ್ಟಲು ಕೈ ಎತ್ತಿದಾಗ ಅವನ ಕೈಯೂ ನನ್ನ ಕೊರಳ ಹತ್ತಿರ ಬಂತು. ಪಾಪ, ಅವನು ಮುಖವನ್ನು ಪೂರ್ತಿ ಗೋಡೆಗೆ ತಿರುಗಿಸಿ, "ನಾ ಕಣ್ ಮುಚ್ಚೀನಿ ತಂಗಿ, ಖುದಾ ಕಸಂ ಮುಚ್ಚೀನಿ" ಎನ್ನುತ್ತಿದ್ದ. ಒಂದು ಗಂಟು ಬಿತ್ತು. ಎರಡನೆಯದು ಹಾಕುವಾಗ ಬೇಡಿಯ ಸರಪಳಿಗೆ ನನ್ನ ಕೂದಲು ಸಿಕ್ಕಿ ನಾನು "ಅವ್ವಾ" ಎಂದೆ. ಅಳುತ್ತಿದ್ದಾಳೆಂದು ತಿಳಿದು ಹೊರಗಿನ ಹೆಂಗಸರೆಲ್ಲ ಅತ್ತರು. ನಾನು ನಗು ತಡೆಯಲು ತುಟಿ ಕಚ್ಚಿ ಹಿಡಿದಿದ್ದೆ. ತಲೆ ಎತ್ತಿದರೆ ಇವರೂ ಹಾಗೇ ಕಚ್ಚಿ ಹಿಡಿದಿದ್ದರು. ನಾವಿಬ್ಬರೂ ಒಬ್ಬರನ್ನೊಬ್ಬರು ಸರಿಯಾಗಿ ನೋಡಿದ್ದು ಆಗಲೇ.

ಅಷ್ಟರಲ್ಲಿ ಗಾಡಿ ಜಗ್ಗಿತು. ಅಪ್ಪ, ಗುರಮ್ಮತ್ತೆ, ದಿಬ್ಬಣದವರೆಲ್ಲ ಗಡಬಡಿಸಿ ಕೆಳಗಿಳಿದರು. ಅಪ್ಪ ಕಿಟಕಿಯಲ್ಲಿ ಕೈ ತೂರಿಸಿ ನನ್ನ ತಲೆ ಮುಟ್ಟಿದ. ಅಕ್ಕಿಕಾಳಿನ ತಟ್ಟೆ ಇನ್ನೂ ಪ್ಲಾಟ್‌ಫಾರಮ್ಮಿನಲ್ಲಿದ್ದ ನನ್ನ ಅತ್ತೆಮ್ಮನ, ಅಂದರೆ ಇವರ ತಾಯಿಯ, ಕೈಯಲ್ಲೇ ಇತ್ತು. ಆ ತಾಯಿ ರೈಲಿನ ಜೊತೆ ಓಡುತ್ತ ಕಿಟಕಿಗೆ ಅಕ್ಕಿ ಎಸೆದರು. ಗಾಳಿಗೆ ಎಲ್ಲ ಅವರ ತಲೆಯ ಮೇಲೇ ಬಿತ್ತು. ಆಶೀರ್ವಾದ ಮಾಡುವ ಹೊತ್ತು ಅದು, ಅವರು ಕೂಗಿದ್ದು ಬೇರೆ:

"ಏ ಹುಡುಗೀ, ಅಂವ ಮೆಂತೆ ಪಲ್ಯ ಸೇರಂಗಿಲ್ಲ ಅಂತಾನ! ಸುಳ್ ಹೇಳ್ತಾನ, ತಿನಸು!"

ಪ್ಲಾಟ್‌ಫಾರಮ್ಮು ಮುಗಿದರೂ ಅವರು ನಿಲ್ಲಲಿಲ್ಲ, ಕಲ್ಲಿನ ರಾಶಿಯವರೆಗೂ ಬಂದರು. ಇವರು ಕಿಟಕಿಗೆ ಹಣೆ ಹಚ್ಚಿ ನೋಡುತ್ತಲೇ ಇದ್ದರು.

ಸೇಡಂ

ಮೊದಲು ಬಾಯಿ ಬಿಟ್ಟವರು ಅಯ್ಯನವರು. ಮಂತ್ರ ಹೇಳುವ ಭರದಲ್ಲಿ ಅವರು ಇಳಿಯುವುದನ್ನೇ ಮರೆತಿದ್ದರು! ಟಿಕೆಟ್ಟಿಲ್ಲ, ಕಾಲಲ್ಲಿ ಹಾವುಗೆಯಿಲ್ಲ. "ಶಿವಾ, ನನ್ನೂ ಗಡೀಪಾರು ಮಾಡ್ದ್ಯಾ?" ಎಂದು ಎದೆ ಹಿಡಿದುಕೊಂಡರು. ಮುಂದೆ ಸೇಡಮ್ಮಿನಲ್ಲಿ ಇಳಿದು ವಾಪಸ್ಸು ಹೋಗಬಹುದೆಂದು ಖಾದರ ಮಿಯಾ ಸಮಾಧಾನ ಹೇಳಿದ ಮೇಲೆ ಅವರಿಗೆ ತಮ್ಮ ಕೆಲಸ ನೆನಪಾಯಿತು.

"ಅಕ್ಕಿಕಾಳು ಬೀಳದ ಮದ್ವಿ ಆಗಿಲ್ಲ. ಯಾರ ಬಲ್ಯಾಕರ ಅಕ್ಕಿ ಅದೇನ್ರಿ?"

ಯಾರ ಹತ್ತಿರವೂ ಇರಲಿಲ್ಲ. ತಾಂಡೂರಿನ ಪಕ್ಕದ ದೌಲತಾಬಾದಿನ ಕಡೆಯ ಒಬ್ಬ ಮುದುಕಿ ಸೇಡಮ್ಮಿನ ಮಗಳ ಮನೆಗೆಂದು ಒಂದು ಗಂಟು ಚುರಮುರಿ ಒಯ್ಯುತ್ತಿದ್ದಳು. "ಇದೂ ಅಕ್ಕಿನೇ ಅಲ್ಲೇನ್ರಿ ಅಯ್ಯಾ, ಜರಾ ಉಬ್ಬ್ಯದ ಅಷ್ಟೇ" ಎಂದು ಗಂಟು ಬಿಚ್ಚಿಯೇ ಬಿಟ್ಟಳು.

ಅಯ್ಯನವರು ಶುಭಮಸ್ತು ಎಂದರು. ಡಬ್ಬಿಯಲ್ಲಿದ್ದವರೆಲ್ಲ ಎದ್ದು ನಮ್ಮ ಮೇಲೆ ಚುರಮುರಿ ಎರಚಿದರು. ಟೋಪಿಯ ಸಾಬರು, ತೆಲುಗಿನ ಕೋಮಟಿಗರು, ಕಂಬಳಿ ಹೊದ್ದ ಕುರುಬರು, ಎಲ್ಲರೂ. ಖಾದರ ಮಿಯಾನೂ ಬಿಡುವಾಗಿದ್ದ ಕೈಯಿಂದ ಒಂದು ಹಿಡಿ ಹಾಕಿದ. ಗಾಳಿಗೆ ಅದು ಹಗುರಾಗಿ ಸುತ್ತಿ ಸುತ್ತಿ ಬಿದ್ದು ಎಲ್ಲರ ತಲೆ, ಪಟಕಾ, ಮೀಸೆಗಳ ಮೇಲೆಲ್ಲ ಕೂತಿತು. ಆಮೇಲೆ ಯಾರೋ ಉಳ್ಳಾಗಡ್ಡಿ ಹೆಚ್ಚಿದರು, ಯಾರೋ ಹಸಿಮೆಣಸಿನಕಾಯಿ ಕೊಟ್ಟರು; ಗಂಟಿನಲ್ಲಿ ಉಳಿದದ್ದೇ ಮದುವೆಯ ಊಟವಾಯಿತು. ಸೇಡಮ್ಮಿನಲ್ಲಿ ಅಯ್ಯನವರು ಬರಿಗಾಲಲ್ಲಿ ಇಳಿದರು, ಮುದುಕಿ ಬರಿ ಬಟ್ಟೆ ಹಿಡಿದು ಇಳಿದಳು. ಇಬ್ಬರೂ ನಗುತ್ತಿದ್ದರು.

ದುಧನಿ

ಸುಂಕದವರು ನನ್ನ ಪೆಟ್ಟಿಗೆ ತೆಗೆಸಿ, ಹೊಸ ಸೀರೆಗಳನ್ನು ಕಂಡು ಹುಬ್ಬೇರಿಸಿ, ನನ್ನ ಹಣೆಯ ಬಾಸಿಂಗ ಕಂಡು ಮುಚ್ಚಿಸಿದರು. ಆಮೇಲೆ ಸರಹದ್ದು ಯಾವಾಗ ದಾಟಿತೋ ನನಗೆ ಗೊತ್ತಾಗಲಿಲ್ಲ. ಅದೇ ಕರಿ ಭೂಮಿ, ಅದೇ ಜಾಲಿ ಮರ. ಪರದೇಶವೆಂದರೆ ಬೇರೆ ಬಣ್ಣದ್ದಿರುತ್ತದೆಂದು ನಾನು ನಂಬಿದ್ದೆ.

ದುಧನಿಯಲ್ಲಿ ಖಾದರ ಮಿಯಾ ಬೇಡಿ ಬಿಚ್ಚಿದ. ಹುಕುಂ ಮುಗಿಯಿತು. ಈಗ ಕಕ್ಕಾಬಿಕ್ಕಿಯಾದವನು ಅವನೇ. ಅವನು ಮುಲ್ಕು ಬಿಟ್ಟು ಬಂದದ್ದು ಅದೇ ಮೊದಲು. ಚಹಾದವನಿಗೆ ನಾಣ್ಯ ಕೊಟ್ಟರೆ ಅವನು ಅದರ ಮೇಲಿನ ಚಾರ್‌ಮಿನಾರ್ ನೋಡಿ, "ಇದು ಇಲ್ಲಿ ನಡಿಯಂಗಿಲ್ರಿ" ಎಂದು ಮರಳಿಸಿದ. ಕೊನೆಗೆ ಮದುಮಕ್ಕಳೆಂದು ನಮಗೆ ಪುಕ್ಕಟೆ ಕೊಟ್ಟ ಚಹಾದಲ್ಲಿ ಅವನಿಗೂ ಪಾಲು ಸಿಕ್ಕಿತು. ಅವನು ಮರಳುವ ಗಾಡಿ ಯಾವಾಗ ಎಂದು ವಿಚಾರಿಸಲು ಇವರೇ ಕುಂಟುತ್ತ ಹೋದರು.

ನಾವಿಬ್ಬರೇ ಉಳಿದಾಗ ಅವನು ನೆಲ ನೋಡುತ್ತ ಹೇಳಿದ: "ತಂಗಿ, ಅಂವಗ ಹೊಡ್ದಾಂವ ನಾ ಅಲ್ಲ."

"ಹೊಡಿವಾಗ ಅಲ್ಲೇ ನಿಂತಿದ್ರೇನ್ರಿ?"

"ನಿಂತಿದ್ದೆ" ಎಂದ.

ನನಗೆ ಸಿಟ್ಟು ಬಂತು, ಅವನ ಮುಖ ನೋಡಿ ಮರುಕವೂ ಬಂತು. ಎರಡನ್ನೂ ಏನು ಮಾಡುವುದೆಂದು ತಿಳಿಯದೆ ಬುತ್ತಿ ಬಿಚ್ಚಿ ಅವನ ದಾರಿಗೆಂದು ರೊಟ್ಟಿ ಕಟ್ಟಿಕೊಟ್ಟೆ. ಅವನ ಗಾಡಿ ಬಂದಾಗ ಇವರು ಅವನನ್ನು ಕೈ ಹಿಡಿದು ಹತ್ತಿಸಿದರು.

ಸೊಲ್ಲಾಪುರ

ನಮಗೆ ಮನೆ ಸಿಕ್ಕದ್ದು ಒಂದು ಗಿರಣಿಯ ಹಿಂದಿನ ಓಣಿಯಲ್ಲಿ. ಮನೆಯೆಂದರೆ ತಗಡಿನ ಒಂದು ಕೋಣೆ. ನಡುವೆ ಸೀರೆ ಕಟ್ಟಿ ಆಚೆ ಕಲಬುರಗಿಯ ಕಡೆಯಿಂದ ಓಡಿಬಂದ ಗಂಡಹೆಂಡತಿ, ಈಚೆ ನಾವು. ಹಗಲು ತಗಡು ಕಾದು ಹಂಚಾಗುತ್ತಿತ್ತು. ಗಿರಣಿಯ ಮಸಿ ಅನ್ನದ ಮೇಲೂ ಬೀಳುತ್ತಿತ್ತು. ಒಂದೊಂದು ದಿನ ಒಂದೇ ರೊಟ್ಟಿಯನ್ನು ಹರಿದು ತಿನ್ನುತ್ತಿದ್ದೆವು. ಇವರ ಅಂಗಾಲಿಗೆ ನಾನು ಔಡಲೆಣ್ಣೆ ಕಾಯಿಸಿ ಹಚ್ಚುತ್ತಿದ್ದೆ. ನಿಂತು ಮಾಡುವ ಕೆಲಸ ಆಗದ್ದರಿಂದ ಚಾದರ ನೇಯುವವರಲ್ಲಿ ಹೆಂಗಸರ ನಡುವೆ ಕೂತು ನೂಲಿನ ಕಂಡಿಕೆ ಸುತ್ತುತ್ತಿದ್ದರು. "ಊರ ಸುದ್ದಿ ಎಲ್ಲಾ ನನಗೇ ಮೊದ್ಲ ಗೊತ್ತಾಗ್ತದ" ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದರು. ಮೆಂತೆ ಪಲ್ಯವನ್ನಂತೂ ಎರಡು ಸಲ ಬಡಿಸಿಕೊಂಡು ತಿಂದರು.

ಊಟದಲ್ಲಿ ಪರದೇಶವೇನೂ ಕಾಣಲಿಲ್ಲ. ನಮ್ಮ ಜೋಳದ ರೊಟ್ಟಿಗೇ ಅವರು ಭಾಕರಿ ಎನ್ನುತ್ತಾರೆ. ಶೇಂಗಾ ಹಿಂಡಿಗೆ ಬೆಳ್ಳುಳ್ಳಿ ಮಾತ್ರ ಕೈ ಬಿಚ್ಚಿ ಹಾಕುತ್ತಾರೆ. ತೊಡಕಾದದ್ದು ತಿಂಗಳುಗಳದು. ಯಾವಾಗಿನಿಂದ ಈ ಊರಲ್ಲಿದ್ದೀರಿ ಎಂದು ಮನೆಯೊಡತಿ ಯಮುನಾಬಾಯಿ ಕೇಳಿದಾಗ ಇವರು ನಮ್ಮ ಮುಲ್ಕಿನ ಪದ್ಧತಿಯಂತೆ, "ಖುರ್ದಾದ್‌ದಿಂದ" ಎಂದರು. ಆಕೆ ಬಾಗಿಲಾಚೆ ಇಣುಕಿ, "ಖುರ್ದಾದ? ತೋ ಕೋಣ?" ಅವನು ಯಾರು, ಎಂದಳು. ಅದು ತಿಂಗಳ ಹೆಸರೆಂದು ಗೊತ್ತಿಲ್ಲದೆ ಮೂರನೆಯವನೊಬ್ಬ ಕದ್ದು ಇರುತ್ತಿದ್ದಾನೆಂದು ತಿಳಿದು ಕೋಣೆಯೆಲ್ಲ ಹುಡುಕಿದಳು!

ಆದರೆ ನನ್ನನ್ನು ನಿಜವಾಗಿ ಬೆಚ್ಚಿಬೀಳಿಸಿದ್ದು ಅಲ್ಲಿಯವರ ಗಂಟಲು. ನಮ್ಮಲ್ಲಿ ಸರ್ಕಾರದ ಮಾತು ಬಂದರೆ ಮೊದಲು ಹಿಂದೆ ನೋಡಿ, ಆಮೇಲೆ ಬಾಗಿಲು ನೋಡಿ, ಕೊನೆಗೆ ಮಾತನ್ನೇ ನುಂಗುವುದು ರೂಢಿ. ಸೊಲ್ಲಾಪುರದಲ್ಲೂ ಆಳುತ್ತಿದ್ದವರು ಪರಕೀಯರೇ, ಅಲ್ಲಿಯವರೂ ಜೈಲು ಕಂಡವರೇ. ಆದರೂ ಕಾಯಿಪಲ್ಯ ಮಾರುವ ಹೆಂಗಸು ಸರ್ಕಾರದ ಏಳು ತಲೆಮಾರನ್ನು ಎತ್ತಿ ಬೈಯುತ್ತಿದ್ದಳು, ಪಕ್ಕದಲ್ಲೇ ಪೊಲೀಸಿನವ ಬದನೆಕಾಯಿ ಆರಿಸುತ್ತ ನಿಂತಿರುತ್ತಿದ್ದ. ಮೊದಲ ಸಲ ಕೇಳಿದಾಗ ನಾನು ಬುಟ್ಟಿ ಬಿಟ್ಟು ಮನೆಗೆ ಓಡಿದ್ದೆ.

ಬಿಸಿಲು ಏರಿದಂತೆ ಓಣಿಯ ನಲ್ಲಿ ಬತ್ತಿತು. ದಿನಗಳು ಕಳೆದರೂ ನೀರಿಲ್ಲ. ಒಂದು ಬೆಳಿಗ್ಗೆ ಯಮುನಾಬಾಯಿ ಓಣಿಯ ಹೆಂಗಸರನ್ನೆಲ್ಲ ಕೂಡಿಸಿ, ಕೊಡ ಹಿಡಿಸಿ ನೀರಿನ ಕಚೇರಿಗೆ ಹೊರಡಿಸಿದಳು. ನಾನು ಎಲ್ಲರಿಗಿಂತ ಹಿಂದೆ ಇದ್ದೆ. ಅಧಿಕಾರಿ ಹೊರಗೆ ಬಂದು, ನಿಮ್ಮ ಓಣಿಯ ತುಂಬ ಹೊರಗಿನಿಂದ ಬಂದವರು ತುಂಬಿದ್ದಾರೆ, ಅದಕ್ಕೇ ನೀರು ಸಾಲುತ್ತಿಲ್ಲ ಎಂದ.

ಹೊರಗಿನವರು! ನನ್ನೊಳಗೆ ಏನೋ ಹರಿದಂತಾಯಿತು. ಕೊಡ ಕಟ್ಟೆಗೆ ಕುಕ್ಕಿ ಮುಂದೆ ಹೋದೆ.

"ಹೊರಗಿನವ್ರು ಅಂದ್ರ ಯಾರ್ರಿ? ನಮಗ ನೀರಡಿಕಿ ಆಗಂಗಿಲ್ಲೇನು? ನಮ್ಮ ಮುಲ್ಕಿಲಿಂದ ನಮಗ ಹೊರಗ ಹಾಕ್ಯಾರ, ಇಲ್ಲಿ ನೀವೂ ಹೊರಗ ಅಂತೀರಿ. ಮತ್ತ ಒಳಗ ಎಲ್ಲ್ಯದ, ತೋರಸ್ರಿ! ನಾ ಅಲ್ಲಿಗೇ ಕೊಡಾ ತಗೊಂಡು ಹೋಗ್ತೀನಿ!"

ಇನ್ನೂ ಏನೇನೋ ಅಂದೆ. ಅರ್ಧ ಕನ್ನಡ, ಅರ್ಧ ದಖನಿ, ನಡುವೆ ತೆಲುಗಿನ ಒಂದು ಬೈಗುಳವೂ ಬಂತು. ನಿಲ್ಲಿಸಿದಾಗ ಅಧಿಕಾರಿ ನನ್ನನ್ನೇ ನೋಡುತ್ತಿದ್ದ. ನನಗೆ ಆಗ ಎಚ್ಚರವಾಯಿತು. ಕೊಡವನ್ನೂ ಬಿಟ್ಟು ಮನೆಗೆ ಬಂದೆ.

ಈಗ ಬಂದು ಹಿಡಿಯುತ್ತಾರೆ ಎಂಬುದರಲ್ಲಿ ನನಗೆ ಸಂಶಯವಿರಲಿಲ್ಲ. ಲಗುಬಗೆಯಿಂದ ಉಳಿದ ಹಿಟ್ಟಿನದೆಲ್ಲ ರೊಟ್ಟಿ ಬಡಿದೆ. ಒಂದು ಸೀರೆ, ಕುಪ್ಪಸ, ಶೇಂಗಾ ಹಿಂಡಿ, ರೊಟ್ಟಿ, ಎಲ್ಲ ಗಂಟು ಕಟ್ಟಿ ಹೊಸ್ತಿಲಲ್ಲಿ ಕೂತೆ. ಮಧ್ಯಾಹ್ನ ಇವರು ಬಂದು ನನ್ನನ್ನೂ ಗಂಟನ್ನೂ ನೋಡಿದರು.

"ಎಲ್ಲಿಗಿ ಹೊಂಟೀದಿ?"

"ಜೇಲಿಗಿ."

ನಡೆದದ್ದನ್ನೆಲ್ಲ ಹೇಳಿದೆ. ಇವರು ಪಕ್ಕದಲ್ಲಿ ಕೂತರು. ನಗುತ್ತಾರೆಂದುಕೊಂಡಿದ್ದೆ; ನನ್ನ ಕೈ ಹಿಡಿದುಕೊಂಡರು. ಅಷ್ಟರಲ್ಲಿ ಓಣಿಯ ತಿರುವಿನಲ್ಲಿ ಖಾಕಿ ಕಂಡಿತು. ನಾನು ಎದ್ದು ಗಂಟು ಕಂಕುಳಲ್ಲಿ ಇಟ್ಟುಕೊಂಡೆ.

ಬಂದವನು ನೀರಿನ ಕಚೇರಿಯ ಜವಾನ. ನನ್ನ ಕೊಡವನ್ನು ಹೆಗಲ ಮೇಲೆ ಹೊತ್ತು ತಂದಿದ್ದ. ಪೈಪು ಒಡೆದ ಜಾಗ ಸಿಕ್ಕಿದೆ, ಸಂಜೆಗೆ ನೀರು ಬರುತ್ತದೆ, ಆ ದೊಡ್ಡ ಗಂಟಲಿನ ಹೆಂಗಸಿಗೆ ತಿಳಿಸಿ ಬಾ ಎಂದು ಸಾಹೇಬರು ಕಳಿಸಿದ್ದಾರೆ ಎಂದ. ಆಮೇಲೆ ಗಂಟಿನತ್ತ ಮೂಗು ಅರಳಿಸಿ, ಬಿಸಿ ಭಾಕರಿಯೇ ಎಂದು ಕೇಳಿದ. ಆಗ ಇವರು ನಕ್ಕರು ನೋಡಿ! ಸೀರೆಯ ಆಚೆಯ ಕಲಬುರಗಿಯವರು ಏನಾಯಿತೆಂದು ಎದ್ದು ಬಂದರು. ಜೈಲಿನ ಬುತ್ತಿಯನ್ನು ಎಲ್ಲರೂ ಹೊಸ್ತಿಲಲ್ಲೇ ಕೂತು ತಿಂದೆವು. ಸಂಜೆ ನಲ್ಲಿ ಕೆಮ್ಮಿತು, ಕೆಂಪಗೆ ಉಗುಳಿತು, ಆಮೇಲೆ ತಿಳಿಯಾಗಿ ಸುರಿಯಿತು.

ಪೊಲೀಸ್ ಕಾರ್ಯಾಚರಣೆಯಾಗಿ ನಿಜಾಮರ ಆಡಳಿತ ಮುಗಿದ ಮೇಲೆ ನಾವು ಊರಿಗೆ ಮರಳಿದೆವು. ಅದು ಬಹಳ ಮುಂದಿನ ಮಾತು. ಆ ನೀರು ಬಂದ ಕೆಲವೇ ದಿನಕ್ಕೆ ರೇಷನ್ ಅಂಗಡಿಯಲ್ಲಿ ಸೀಮೆಎಣ್ಣೆ ಇಲ್ಲವೆಂದರು. ಬೆಳಿಗ್ಗೆ ಯಮುನಾಬಾಯಿ ನಮ್ಮ ಬಾಗಿಲಿಗೆ ಬಂದು ಸೊಂಟದ ಮೇಲೆ ಕೈ ಇಟ್ಟು ನಿಂತಳು. "ಚಲಾ ನೀಲಾಬಾಯಿ, ಓರಡಾಯಲಾ!" ನಡಿ, ಕೂಗಾಡಲು ಹೋಗೋಣ.

ಹೋದೆ. ಆ ಸಲ ಗಂಟು ಕಟ್ಟಲಿಲ್ಲ.